ಪರ-ವಿರೋಧ: ರಹಸ್ಯಕಥೆಯ ಗುಟ್ಟನ್ನು ಮೊದಲೇ ಹೇಳಿಬಿಡುವುದು ತಪ್ಪೇ?

ಪರ: ತಪ್ಪು, ಅದು ಓದುಗನ ಪಾಲನ್ನು ಕಸಿಯುವ ಕೆಲಸ

ಪತ್ತೇದಾರಿ ಕಾದಂಬರಿಯು ಬರಹಗಾರನೂ ಓದುಗನೂ ಎದುರುಬದುರು ಕುಳಿತು ಆಡುವ ಆಟ. ಅದಕ್ಕೆ ಕಟ್ಟಳೆಗಳಿವೆ, ಅವನ್ನು ಬರಹಗಾರರೇ ಬರೆದಿಟ್ಟಿದ್ದಾರೆ. 1929ರಲ್ಲಿ ರೊನಾಲ್ಡ್ ನಾಕ್ಸ್ ಪಟ್ಟಿ ಮಾಡಿದ ಹತ್ತು ನಿಯಮಗಳಲ್ಲಿ ಒಂದರ ಪ್ರಕಾರ, ಪತ್ತೇದಾರನ ಕಣ್ಣಿಗೆ ಬಿದ್ದ ಸುಳಿವು ಆಗಲೇ ಓದುಗನ ಕಣ್ಣಿಗೂ ಬೀಳಬೇಕು. ಅದೇ ವರ್ಷ ಎಲ್ಲರಿ ಕ್ವೀನ್ ಎಂಬ ಹೆಸರಿನಲ್ಲಿ ಮೊದಲ ಕಾದಂಬರಿಯನ್ನು ಪ್ರಕಟಿಸಿದ ಇಬ್ಬರು ಸೋದರಸಂಬಂಧಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ತಮ್ಮ ಮೊದಮೊದಲ ಪುಸ್ತಕಗಳಲ್ಲಿ ಮುಕ್ತಾಯಕ್ಕೆ ಮುನ್ನ ಕಥೆಯನ್ನು ನಿಲ್ಲಿಸಿ, ಬೇಕಾದ ಸುಳಿವುಗಳೆಲ್ಲ ಈಗ ನಿಮ್ಮ ಮುಂದಿವೆ, ಉತ್ತರವನ್ನು ನೀವೇ ಕಂಡುಕೊಳ್ಳಿ ಎಂದು ಓದುಗರಿಗೆ ಸವಾಲು ಹಾಕಿದರು. ಇಷ್ಟು ಗೌರವದಿಂದ ಓದುಗನನ್ನು ನಡೆಸಿಕೊಳ್ಳುವ ಸಾಹಿತ್ಯಪ್ರಕಾರ ಬೇರೆ ಯಾವುದಿದೆ? ಕೊಲೆಗಾರನ ಹೆಸರನ್ನು ಮೊದಲೇ ಉಸುರುವವನು ಈ ಗೌರವವನ್ನೇ ಇಲ್ಲವಾಗಿಸುತ್ತಾನೆ.

ಅಗಾಥಾ ಕ್ರಿಸ್ಟಿಯವರು 1926ರಲ್ಲಿ ಪ್ರಕಟಿಸಿದ 'ರೋಜರ್ ಆಕ್ರಾಯ್ಡ್ ಕೊಲೆ'ಯ ಮುಕ್ತಾಯವನ್ನು ಓದಿ, ಇದು ನ್ಯಾಯವಾದ ಆಟವೇ ಎಂದು ಅಂದಿನ ಓದುಗರು ವಾದಕ್ಕಿಳಿದರು. ಆ ಗುಟ್ಟೇನೆಂದು ನಾನಿಲ್ಲಿ ಹೇಳುವುದಿಲ್ಲ. ಇಷ್ಟು ವರ್ಷ ಕಳೆದರೂ ಅದನ್ನು ಇಂದು ಮೊದಲ ಬಾರಿ ಕೈಗೆತ್ತಿಕೊಳ್ಳುವವರಿದ್ದಾರೆ, ಆ ಬೆರಗು ಅವರಿಗೂ ಸಲ್ಲಬೇಕು. ಇದೇ ಲೇಖಕಿಯ 'ದಿ ಮೌಸ್‌ಟ್ರ್ಯಾಪ್' ನಾಟಕ 1952ರ ನವೆಂಬರ್‌ನಲ್ಲಿ ಲಂಡನ್ನಿನ ರಂಗಭೂಮಿಯನ್ನೇರಿತು. ಸಾಂಕ್ರಾಮಿಕದ ಕಾಲದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತದ್ದನ್ನು ಬಿಟ್ಟರೆ ಇಂದಿಗೂ ನಡೆಯುತ್ತಿದೆ, ಮತ್ತು ಆಟ ಮುಗಿದ ಮೇಲೆ ಕೊಲೆಗಾರ ಯಾರೆಂಬುದನ್ನು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ವಿನಂತಿಸುವುದು ಅಲ್ಲಿಯ ವಾಡಿಕೆ. ಹಿಚ್‌ಕಾಕ್ ತಮ್ಮ 1960ರ 'ಸೈಕೋ' ಚಿತ್ರ ಶುರುವಾದ ಮೇಲೆ ಯಾರನ್ನೂ ಚಿತ್ರಮಂದಿರದೊಳಗೆ ಬಿಡಬಾರದೆಂದು ಕಟ್ಟುನಿಟ್ಟು ಮಾಡಿದ್ದರು. ಯಾವ ಸಂಗತಿ ಯಾವ ಹೊತ್ತಿಗೆ ತಿಳಿಯಬೇಕೆಂಬುದು ಕಥೆಯ ಕಟ್ಟಡದೊಳಗೇ ಸೇರಿದ ವಿಷಯವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣ ನನ್ನ ಅಜ್ಜಿ. ಕಣ್ಣಿನ ಶಕ್ತಿ ಕುಂದಿದ ಮೇಲೆ ಆಕೆಗೆ ಪತ್ತೇದಾರಿ ಕಾದಂಬರಿಗಳನ್ನು ನಾನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಆಕೆ ಸುಮ್ಮನೆ ಕೇಳುವವಳಲ್ಲ. ನಡುನಡುವೆ ತಡೆದು, ಹಿಂದಿನ ಅಧ್ಯಾಯದಲ್ಲಿ ಆ ಹೆಂಗಸು ಗಡಿಯಾರದ ಬಗ್ಗೆ ಏನೋ ಹೇಳಿದ್ದಳಲ್ಲ, ಅದನ್ನು ಮತ್ತೊಮ್ಮೆ ಓದು ಎನ್ನುತ್ತಿದ್ದಳು. ಒಬ್ಬೊಬ್ಬ ಪಾತ್ರವನ್ನೂ ಕಟಕಟೆಗೆ ಹತ್ತಿಸಿ ವಿಚಾರಿಸಿ, ಮರುದಿನದ ಓದಿಗೆ ತನ್ನದೇ ಒಂದು ಊಹೆಯನ್ನು ಸಿದ್ಧಪಡಿಸಿಕೊಂಡಿರುತ್ತಿದ್ದಳು. ಒಂದು ಸಂಜೆ ಮನೆಗೆ ಬಂದಿದ್ದ ನೆಂಟರೊಬ್ಬರು ಪುಸ್ತಕದ ಮುಖಪುಟ ನೋಡಿದವರೇ, "ಓ, ಇದಾ? ಕೊನೆಗೆ ಆ ವಕೀಲನೇ ಕೊಂದಿರುತ್ತಾನೆ" ಎಂದುಬಿಟ್ಟರು. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾಳೆ ನಾಡಿದ್ದರಲ್ಲಿ ನಾನೇ ಹಿಡಿಯುತ್ತಿದ್ದೆ ಕಣೋ" ಎಂದಳು. ಪುಸ್ತಕವನ್ನು ಕೊನೆಯವರೆಗೆ ಓದಿ ಮುಗಿಸಿದೆವು, ಆದರೆ ಆಕೆ ನನ್ನನ್ನು ಒಮ್ಮೆಯೂ ತಡೆಯಲಿಲ್ಲ, ಹಿಂದಿನ ಪುಟಗಳಿಗೆ ಹೋಗು ಎನ್ನಲೂ ಇಲ್ಲ. ಕಥೆ ಅಲ್ಲೇ ಇತ್ತು, ಒಂದು ಸಾಲೂ ಕಡಿಮೆಯಾಗಿರಲಿಲ್ಲ. ಆಕೆ ಮಾಡುತ್ತಿದ್ದ ಕೆಲಸ ಮಾತ್ರ ಆಕೆಗೆ ಉಳಿದಿರಲಿಲ್ಲ. ಆ ನೆಂಟರು ಕೆಟ್ಟವರಲ್ಲ, ತಾವು ಓದಿದ್ದನ್ನು ಹಂಚಿಕೊಳ್ಳುವ ಉತ್ಸಾಹ ಅವರದು. ಹಾಗಿದ್ದರೂ ನನಗೆ ಅವರ ಮೇಲಿನ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಒಳ್ಳೆಯ ಕೃತಿಯನ್ನು ಗುಟ್ಟು ತಿಳಿದ ಮೇಲೂ ಓದಬಹುದು ಎಂದು ವಾದಿಸುವ ಪಂಡಿತರಿದ್ದಾರೆ. ಅವರು ಎರಡನೆಯ ಓದನ್ನು ಎಷ್ಟು ಬೇಕಾದರೂ ಸವಿಯಲಿ. ಮೊದಲನೆಯ ಓದು ಪ್ರತಿಯೊಬ್ಬನಿಗೂ ಒಂದೇ ಒಂದು ಸಲ ಸಿಗುವಂಥದು, ಅದನ್ನು ಬಿಟ್ಟುಕೊಡುವುದೋ ಬೇಡವೋ ಎಂದು ತೀರ್ಮಾನಿಸಬೇಕಾದವನು ಓದುಗನೇ.

ವಿರೋಧ: ತಪ್ಪೆನ್ನುವಷ್ಟು ದೊಡ್ಡ ನಷ್ಟ ಅದರಲ್ಲಿಲ್ಲ

ಈ ಪ್ರಶ್ನೆಗೆ ಅಲ್ಲವೆಂದು ಉತ್ತರಿಸುವ ಹೊಣೆ ನನಗೆ ಬಂದಿದೆ. ಕೇಳದವರಿಗೆ ಗುಟ್ಟು ಹೇಳಿ ಹೋಗುವವರನ್ನು ನಾನೂ ಮೆಚ್ಚುವುದಿಲ್ಲವಾದರೂ, ಗುಟ್ಟು ಹೋದರೆ ಕಥೆಯೇ ಹೋಯಿತು ಎಂಬ ಮಾತನ್ನು ಒಪ್ಪಲಾರೆ.

ಆರ್. ಆಸ್ಟಿನ್ ಫ್ರೀಮನ್ 1912ರ ತಮ್ಮ ಕಥಾಸಂಕಲನವೊಂದರಲ್ಲಿ ಅಪರಾಧವನ್ನೂ ಅಪರಾಧಿಯನ್ನೂ ಮೊದಲೇ ತೋರಿಸಿ, ಪತ್ತೇದಾರನು ಅವನನ್ನು ಹೇಗೆ ಹಿಡಿಯುತ್ತಾನೆ ಎಂಬುದರಲ್ಲೇ ಓದುಗರನ್ನು ಹಿಡಿದಿಟ್ಟರು. ಕೊಲಂಬೋ ಎಂಬ ಟಿವಿ ಪತ್ತೇದಾರನ ಕಂತುಗಳು ಸಾಮಾನ್ಯವಾಗಿ ಇದೇ ಜಾಡಿನಲ್ಲಿ ಸಾಗುತ್ತವೆ. ಫ್ರೆಡರಿಕ್ ಫೋರ್ಸಿತ್ ಅವರ 1971ರ 'ದಿ ಡೇ ಆಫ್ ದಿ ಜಕಾಲ್' ಕಾದಂಬರಿಯಲ್ಲಿ ಬಾಡಿಗೆ ಕೊಲೆಗಾರನೊಬ್ಬ ಫ್ರಾನ್ಸಿನ ಅಧ್ಯಕ್ಷ ಡಿಗಾಲ್ ಅವರನ್ನು ಕೊಲ್ಲಲು ಹೊರಡುತ್ತಾನೆ. ಡಿಗಾಲ್ 1970ರಲ್ಲಿ ತಮ್ಮ ಮನೆಯಲ್ಲೇ ಸಹಜವಾಗಿ ತೀರಿಕೊಂಡದ್ದು ಜಗತ್ತಿಗೇ ತಿಳಿದಿತ್ತು. ಅಂದರೆ ಕೊಲೆಗಾರ ಸೋಲುತ್ತಾನೆಂಬುದು ಮೊದಲ ಪುಟಕ್ಕೂ ಮುಂಚೆಯೇ ಬಯಲಾಗಿದ್ದ ಗುಟ್ಟು. ಅಷ್ಟಾದರೂ ಸುಳ್ಳು ಗುರುತುಪತ್ರಗಳನ್ನೂ ವಿಶೇಷ ಬಂದೂಕನ್ನೂ ಅವನು ಹೊಂದಿಸಿಕೊಳ್ಳುವ ಬಗೆಯನ್ನು ಓದುವಾಗ ಪುಸ್ತಕ ಕೆಳಗಿಡಲು ಮನಸ್ಸಾಗುವುದಿಲ್ಲ.

ಎದುರು ಪಕ್ಷದವರು ಹಿಚ್‌ಕಾಕ್ ಅವರನ್ನು ತಮ್ಮ ಸಾಕ್ಷಿಯಾಗಿ ಕರೆದಿದ್ದಾರೆ. ಅದೇ ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರೂಫೋ ಅವರಿಗೆ ಹೇಳಿದ ಬಾಂಬಿನ ಉದಾಹರಣೆಯನ್ನು ಅವರು ನೆನಪಿಸಿಕೊಳ್ಳಬೇಕಿತ್ತು. ಮೇಜಿನ ಕೆಳಗೆ ಬಾಂಬ್ ಇರುವುದು ಪ್ರೇಕ್ಷಕನಿಗೆ ತಿಳಿಯದಿದ್ದರೆ ಸಿಡಿದಾಗ ಹದಿನೈದು ಸೆಕೆಂಡಿನ ಆಘಾತವಷ್ಟೇ ಸಿಗುತ್ತದೆ. ತಿಳಿದಿದ್ದರೆ ಹದಿನೈದು ನಿಮಿಷ ಆತ ಚಡಪಡಿಸುತ್ತಾನೆ. ಮುಂಚಿತವಾದ ಅರಿವೇ ಇಲ್ಲಿ ಉಸಿರು ಬಿಗಿಹಿಡಿಸುತ್ತದೆ.

2011ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಮನಶ್ಶಾಸ್ತ್ರಜ್ಞರು, ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್, ಸಣ್ಣ ಕಥೆಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಮುಕ್ತಾಯವನ್ನು ಮೊದಲೇ ತಿಳಿದವರು ಕಥೆಗಳನ್ನು ತುಸು ಹೆಚ್ಚೇ ಮೆಚ್ಚಿದ್ದರು. ಮುಂದೆ ಬೇರೆಯವರು ನಡೆಸಿದ ಅಧ್ಯಯನದಲ್ಲಿ ಫಲಿತಾಂಶ ತಿರುವುಮುರುವಾದದ್ದೂ ಇದೆ, ಆದ್ದರಿಂದ ಇದೊಂದನ್ನೇ ನೆಚ್ಚಿಕೊಂಡು ನಾನು ವಾದ ಹೂಡುವುದಿಲ್ಲ.

ನಾನು ಮನಸಾರೆ ಒತ್ತಿ ಹೇಳಬಯಸುವುದು ವಿಮರ್ಶೆಯ ವಿಷಯವನ್ನು. ಗುಟ್ಟು ಕಾಯುವವರ ಮಾತು ನಡೆದರೆ ಯಾರೂ ಯಾವ ಕಾದಂಬರಿಯ ಬಗ್ಗೆಯೂ ತುಟಿ ಬಿಚ್ಚುವಂತಿಲ್ಲ. ಸುಳಿವುಗಳನ್ನು ಪ್ರಾಮಾಣಿಕವಾಗಿ ಇಟ್ಟಿದ್ದರೋ, ಕೊನೆಯ ತಿರುವು ಕಥೆಯೊಳಗಿಂದಲೇ ಹುಟ್ಟಿತೋ ಅಥವಾ ಹೊರಗಿನಿಂದ ತಂದು ಅಂಟಿಸಿದ್ದೋ ಎಂಬುದನ್ನು ಕೊನೆಯನ್ನು ಮುಟ್ಟದೆ ಯಾವ ವಿಮರ್ಶಕನೂ ನಿರ್ಣಯಿಸಲಾರ. ಹಾಗಾಗಿ ರಹಸ್ಯಕಥೆಗಳ ವಿಮರ್ಶೆ ಬಹುಪಾಲು ಅರ್ಧ ಕಥಾಸಾರಕ್ಕೆ ಬಂದು ನಿಂತುಬಿಡುತ್ತದೆ, ಕಳಪೆ ಮುಕ್ತಾಯ ಬರೆದವರು ಓದುಗರ ಮೌನದ ಮರೆಯಲ್ಲಿ ಪಾರಾಗುತ್ತಾರೆ.