ಅವ್ವ ಏನು ಓದಿದಳು ಅಂತ ಯಾರೂ ಕೇಳಲಿಲ್ಲ

ಮದುವೆಯಾಗಿ ಪುಣೆಗೆ ಬಂದು 22 ವರ್ಷವಾಯಿತು. ಬಂದ ಹೊಸದರಲ್ಲಿ ಎದುರು ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಒಂದು ಮಧ್ಯಾಹ್ನ ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ತಟ್ಟೆ ಚಕ್ಕುಲಿ ಇತ್ತು. ಊರು ಯಾವುದು, ಮನೆಯಲ್ಲಿ ಯಾರು ಯಾರು ಎಂದು ವಿಚಾರಿಸಿದ ಮೇಲೆ ಕೇಳಿದ್ದು, "ಕಾಯ್ ವಾಚತೇಸ್ ಸಧ್ಯಾ?" ಸದ್ಯಕ್ಕೆ ಏನು ಓದುತ್ತಿದ್ದೀಯಾ ಅಂತ. ನನಗೆ ಬಾಯಿ ಕಟ್ಟಿದ ಹಾಗಾಯಿತು. ಓದುತ್ತಿದ್ದೆ, ಓದದೆ ಇರಲಿಲ್ಲ. ಆದರೆ ಅಲ್ಲಿವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

ನಮ್ಮದು ಹಾವೇರಿ ಕಡೆ. ಓದು ಇಲ್ಲದ ಮನೆಯೇನಲ್ಲ. ಅಜ್ಜ ಧಾರವಾಡದ ಮನೋಹರ ಗ್ರಂಥಮಾಲೆಯ ಚಂದಾದಾರರು. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಆ ಮಾಲೆಯ ಪುಸ್ತಕಗಳು ಅಂಚೆಯಲ್ಲಿ ಮನೆಗೇ ಬರುತ್ತಿದ್ದವು. ಅವೆಲ್ಲ ಪಡಸಾಲೆಯ ಗಾಜಿನ ಕಪಾಟಿನಲ್ಲಿ ಸಾಲಾಗಿ ಇರುತ್ತಿದ್ದವು. ಅಜ್ಜನ ಗೆಳೆಯರು ಬಂದರೆ ಅವುಗಳ ಮೇಲೆ ಗಂಟೆಗಟ್ಟಲೆ ಮಾತು. ಅವ್ವನ ಪುಸ್ತಕ ಮಾತ್ರ ಅಡುಗೆಮನೆಯಲ್ಲಿ, ಅಕ್ಕಿ ಡಬ್ಬಿಯ ಹಿಂದೆ. ಲೈಬ್ರರಿಯಿಂದ ತಂದ ತ್ರಿವೇಣಿ ಕಾದಂಬರಿ, ಅದಕ್ಕೆ ಹಳೆ ಪೇಪರಿನ ರಟ್ಟು. ಒಲೆಯ ಮೇಲೆ ಬೇಳೆ ಕುದಿಯುವಷ್ಟು ಹೊತ್ತು ಎರಡು ಪುಟ. ಯಾರಾದರೂ ಒಳಗೆ ಬಂದರೆ ಸೆರಗಿನ ಅಡಿಗೆ. "ಏನ್ ಓದ್ಲಿಕ್ಕತ್ತೀ?" ಅಂತ ಅಪ್ಪ ಕೇಳಿದ್ದು ಒಮ್ಮೆಯೂ ನೆನಪಿಲ್ಲ. ಕೇಳುತ್ತಿದ್ದುದು "ಚಹಾ ಆತೇನು?" ಅಂತ. ಆ ಕಾದಂಬರಿಗಳು ಅವ್ವನಿಗೆ ಏನು ಮಾಡಿದವು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳೋಣ ಅಂದರೆ ಅವಳು ಇಲ್ಲ.

ಇಲ್ಲಿ ಬೇರೆಯೇ ರೀತಿ. ದೀಪಾವಳಿ ಬಂದರೆ ಮರಾಠಿ ಮನೆಗಳಲ್ಲಿ ಫರಾಳದ, ಅಂದರೆ ಹಬ್ಬದ ತಿಂಡಿಗಳ ಜೊತೆ ದಿವಾಳಿ ಅಂಕಗಳೂ, ಅಂದರೆ ಪತ್ರಿಕೆಗಳ ದೀಪಾವಳಿ ವಿಶೇಷಾಂಕಗಳೂ ಬರಬೇಕು. 1909ರಲ್ಲಿ 'ಮನೋರಂಜನ' ಪತ್ರಿಕೆ ಶುರು ಮಾಡಿದ ಪದ್ಧತಿ ಇದು. ಈಗ ಪ್ರತಿ ವರ್ಷ ನೂರಾರು ಅಂಕಗಳು ಹೊರಬರುತ್ತವೆ. ನಮ್ಮ ಕಟ್ಟಡದಲ್ಲಿ ಎಂಟು ಹೆಂಗಸರು ತಲಾ ಎರಡೆರಡು ಕೊಳ್ಳುತ್ತಾರೆ. ಕಾಕು ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಯಾವ ಅಂಕ ಯಾರ ಮನೆಯಲ್ಲಿದೆ, ಯಾವತ್ತು ಯಾರಿಗೆ ಹೋಗಬೇಕು, ಎಲ್ಲ ಅದರಲ್ಲಿ ಗೆರೆ ಹಾಕಿ ಬರೆದಿರುತ್ತದೆ. ಸಂಕ್ರಾಂತಿ ಹೊತ್ತಿಗೆ ಹದಿನಾರೂ ಅಂಕಗಳು ಎಲ್ಲ ಮನೆ ಸುತ್ತಿ, ಅರಿಶಿನದ ಕಲೆ, ಎಣ್ಣೆ ಕಲೆ ಹತ್ತಿಸಿಕೊಂಡು ಬಂದಿರುತ್ತವೆ. ಎಳ್ಳು-ಬೆಲ್ಲ ಕೊಡುವಾಗ ಮಾತೆಲ್ಲ ಅದರದೇ. ಈ ಕತೆ ಸರಿಯಿಲ್ಲ, ಅವಳು ಗಂಡನನ್ನು ಬಿಡಬಾರದಿತ್ತು, ಬಿಡಬೇಕಿತ್ತು. ಗಂಡಂದಿರೂ ಕೂತು ಕೇಳುತ್ತಾರೆ. ನಮ್ಮಲ್ಲೂ ದೀಪಾವಳಿ ವಿಶೇಷಾಂಕಗಳಿವೆ, ಒಳ್ಳೆಯವೇ ಇವೆ. ಆದರೆ ಅವು ಹೀಗೆ ಮನೆಯಿಂದ ಮನೆಗೆ ನಡೆದದ್ದನ್ನು ನಮ್ಮೂರಲ್ಲಿ ನಾನಂತೂ ನೋಡಿಲ್ಲ.

ಈ ಮಳೆಗಾಲದಲ್ಲಿ ಎರಡು ಪುಸ್ತಕ ಒಂದರ ಹಿಂದೊಂದು ಓದಿದೆ. ಮೊದಲನೆಯದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. 1976ರ ಕಾದಂಬರಿ. ಓದಿದ್ದೇ, ಆದರೆ ಕಾಲೇಜಿನಲ್ಲಿದ್ದಾಗ. ಮಗಳ ತಾಯಿಯಾದ ಮೇಲೆ ಓದಿದರೆ ಬೇರೆಯೇ ಪುಸ್ತಕ ಅದು. ಏನೂ ತಿಳಿಯದ ವಯಸ್ಸಿಗೆ ಮದುವೆ. ಸ್ವಲ್ಪ ದಿನಕ್ಕೆ ಗಂಡ ಹಾವು ಕಚ್ಚಿ ಸಾಯುತ್ತಾನೆ. ದೊಡ್ಡವಳಾದ ಮೇಲೆ ತಲೆ ಬೋಳಿಸುತ್ತಾರೆ. ಆಮೇಲೆ ನೂರು ವರ್ಷ ದಾಟಿ ಬದುಕುತ್ತಾಳೆ. ಇಂದಿರಾ ಅವರ ಮನೆತನದಲ್ಲೇ ಇದ್ದ ಹೆಂಗಸಿನ ಕತೆ ಇದು. ತಲೆ ಬೋಳಿಸುವ ಕಡೆ ನಾನು ಪುಸ್ತಕ ಮುಚ್ಚಿಟ್ಟು ಎದ್ದುಹೋದೆ. ನಮ್ಮ ಮನೆಯಲ್ಲೂ ಒಬ್ಬ ಮಡಿ ಅಜ್ಜಿ ಇದ್ದರು, ಅಜ್ಜನ ಸೋದರತ್ತೆ. ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿರುತ್ತಿದ್ದರು. ನಾನು ಆರೇಳು ವರ್ಷದವಳಿದ್ದಾಗ ಅವರ ಹತ್ತಿರ ಹೋಗಿ ಜಡೆ ಹಾಕು ಅಂದಿದ್ದೆ. "ಒಗೆದ ಅರಿವಿ ಹಾಕ್ಕೊಂಡು ಬಾ, ಹಾಕ್ತೀನಿ" ಅಂದರು. ಹಾಕಿಕೊಂಡು ಹೋದೆ. ನನ್ನ ಕೂದಲನ್ನು ತುಂಬಾ ಹೊತ್ತು ಸುಮ್ನೆ ಬಾಚಿದರು, ಜಡೆ ಮಾತ್ರ ಹೆಣೆಯಲಿಲ್ಲ. ಆಗ ಬೇಜಾರಾಗಿತ್ತು. ಈಗ ಆ ಬಾಚಣಿಗೆ ತಲೆಯ ಮೇಲೆ ಹರಿದಾಡಿದ್ದು ನೆನಪಾದರೆ ಗಂಟಲು ಕಟ್ಟುತ್ತದೆ.

ಆದರೂ ಫಣಿಯಮ್ಮನ ಮೇಲೆ ನನಗೊಂದು ತಕರಾರಿದೆ. ಅಷ್ಟೊಂದು ತಾಳ್ಮೆ ಯಾಕೆ? ಯಾರಿಗೂ ಒಂದು ಬಿರುಸು ಮಾತಿಲ್ಲ, ಎಲ್ಲರ ಮನೆ ಕೆಲಸಕ್ಕೂ ಓಡುತ್ತಾಳೆ. ಇಂಥ ಹೆಂಗಸನ್ನು ದೇವರಂಥವಳು ಅಂತ ಹೊಗಳಿ ಹೊಗಳಿಯೇ ನಾವು ಎಷ್ಟು ಮಂದಿಯ ಬಾಯಿ ಮುಚ್ಚಿಸಿದ್ದೇವೋ ಅನ್ನಿಸಿತು. ಆಮೇಲೆ ದಾಕ್ಷಾಯಿಣಿ ಬರುತ್ತಾಳೆ. ಹರೆಯದ ವಿಧವೆ, ತಲೆ ಬೋಳಿಸಿಕೊಳ್ಳಲ್ಲ ಅಂತ ಎದುರು ನಿಲ್ಲುತ್ತಾಳೆ. ಊರೆಲ್ಲ ಬಾಯಿ ಮಾಡುವಾಗ ಫಣಿಯಮ್ಮ ನಿಲ್ಲುವುದು ಆ ಹುಡುಗಿಯ ಕಡೆಗೆ. ಅಲ್ಲಿ ನನ್ನ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿದಿಲ್ಲ.

ಎರಡನೆಯದು ಕಾಕು ಕೊಟ್ಟದ್ದು. ಲಕ್ಷ್ಮೀಬಾಯಿ ಟಿಳಕರ ಆತ್ಮಕತೆ 'ಸ್ಮೃತಿಚಿತ್ರೇ', ಮರಾಠಿಯಲ್ಲೇ ಓದಿದೆ. ನನ್ನ ಮರಾಠಿ ಮಾತಿಗೆ ಪರವಾಗಿಲ್ಲ, ಓದು ನಿಧಾನ. ಒಂದೂವರೆ ತಿಂಗಳು ಹಿಡಿಯಿತು. ಲಕ್ಷ್ಮೀಬಾಯಿ ಹುಟ್ಟಿದ್ದು 1868ರಲ್ಲಿ. ಅವರ ಅಪ್ಪನಿಗೆ ಮಡಿಯ ಹುಚ್ಚು. 11 ವರ್ಷಕ್ಕೆ ನಾರಾಯಣ ವಾಮನ ಟಿಳಕರ ಜೊತೆ ಮದುವೆ. ಅವರು ದೊಡ್ಡ ಕವಿ, ಮನೆಯ ಖರ್ಚು ಅಂದರೆ ಲಕ್ಷ್ಯವಿಲ್ಲ. 1895ರಲ್ಲಿ ಅವರು ಕ್ರಿಸ್ತ ಮತಕ್ಕೆ ಸೇರಿದರು. ಹೆಂಡತಿ ಕೆಲವು ವರ್ಷ ದೂರ ಉಳಿದರು. ಮತ್ತೆ ಬಂದು ಸೇರಿಕೊಂಡಾಗಲೂ ತಮ್ಮ ಅಡುಗೆ, ನೀರು ಬೇರೆಯೇ ಇಟ್ಟುಕೊಂಡಿದ್ದರು. ಜಾತಿಯನ್ನು ಬಿಟ್ಟದ್ದು ತಾವಾಗಿ ಯೋಚಿಸಿ, ಸ್ವಲ್ಪ ಸ್ವಲ್ಪವಾಗಿ. ಇಷ್ಟು ಕಷ್ಟದ ಬದುಕನ್ನು ಅವರು ಎದುರಿಗೆ ಕೂತು ಸೊಪ್ಪು ಸೋಸುತ್ತಾ ಹೇಳಿದ ಹಾಗೆ ಬರೆದಿದ್ದಾರೆ. ಜಗಳವನ್ನೂ ಬರೆದಿದ್ದಾರೆ, ತಮ್ಮ ಪೆದ್ದುತನವನ್ನೂ ಬರೆದಿದ್ದಾರೆ. ನಾನು ಬಸ್ಸಿನಲ್ಲಿ ಕೂತು ಜೋರಾಗಿ ನಕ್ಕಿದ್ದೇನೆ.

ಎರಡರಲ್ಲೂ ಮಡಿ ಇದೆ, ಎರಡರಲ್ಲೂ ಏನೂ ತಿಳಿಯದ ಹೆಣ್ಣುಮಗು ಮದುವೆಯ ಮಣೆಯ ಮೇಲೆ ಕೂತಿದೆ. ಆದರೆ ಫಣಿಯಮ್ಮನ ಮಾತನ್ನು ಇನ್ನೊಬ್ಬರು ಬರೆಯಬೇಕಾಯಿತು, ಲಕ್ಷ್ಮೀಬಾಯಿ ತಾವೇ ಬರೆದರು. ಕಾಕುಗೆ ಇದನ್ನು ಹೇಳಿದೆ. ಅವರು ಒಪ್ಪಲಿಲ್ಲ. "ನಿಮ್ಮ ಇಂದಿರಾಬಾಯಿ ಕಾದಂಬರಿ ಬರೆಯೋಕೆ ಶುರು ಮಾಡಿದಾಗ ವಯಸ್ಸೆಷ್ಟು?" ಅಂತ ಕೇಳಿದರು. ನಲವತ್ತೈದರ ಹತ್ತಿರ ಅಂದೆ. "ಹಾಗಾದರೆ ಅವರೂ ಒಂದು ಗೋಡೆ ದಾಟಿಯೇ ಬರೆದದ್ದು" ಅಂದರು. ಅದೂ ನಿಜ ಅಲ್ವಾ?

ನಡುವೆ ಒಂದು ಕತೆಯ ಬಗ್ಗೆ ಹೇಳಲೇಬೇಕು. ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದವನ್ನು ನನ್ನ ಮಗಳು ತಂದಳು, ನಾನು ಕನ್ನಡದಲ್ಲಿ ಹುಡುಕಿ ಓದಿದೆ. 'ಎದೆಯ ಹಣತೆ' ಕತೆಯಲ್ಲಿ ಮೆಹರುನ್ ಹಸುಗೂಸು ಎತ್ತಿಕೊಂಡು ತವರಿಗೆ ಬರುತ್ತಾಳೆ. ಗಂಡ ಬೇರೆಯವಳ ಹಿಂದೆ ಹೋಗಿದ್ದಾನೆ. ಅಣ್ಣಂದಿರು ಅವಳನ್ನು ವಾಪಸ್ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಾರೆ. ರಾತ್ರಿ ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡಾಗ ತಡೆಯುವುದು ಮಗಳು ಸಲ್ಮಾ. ತವರನ್ನು ಹಾಡಿ ಹೊಗಳಿದ ಎಷ್ಟು ಬೀಸುವ ಪದಗಳನ್ನು ನಾವು ಕೇಳಿಲ್ಲ! ಅದೇ ತವರಿನ ಹೊಸಿಲು ಇದು. ನನಗೆ ಗಂಡನಿಗಿಂತ ಆ ಅಣ್ಣಂದಿರ ಮೇಲೆಯೇ ಜಾಸ್ತಿ ಸಿಟ್ಟು ಬಂತು. ಮಗಳಿಗೆ ಇದು ಹೇಳಿದರೆ "ತವರು ಅಂದ್ರೆ ಅಮ್ಮನ ಮನೆ, ಅಷ್ಟೇ ತಾನೇ?" ಅಂದಳು. ಅಷ್ಟೇ ಅಲ್ಲ ಅಂತ ವಿವರಿಸಲು ತಡಕಾಡಿದೆ. ಅಲ್ಲೇ ಕೂತಿದ್ದ ಕಾಕು "ಅಗಂ, ಮಾಹೇರ್!" ಅಂದರು. ತವರಿಗೆ ಮರಾಠಿ ಮಾತು ಅದು. ಇಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಆ ಒಂದು ಮಾತು ಸಾಕಾಯಿತು.

ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಕಲಿಸಲಿಲ್ಲ, ಅದು ನನ್ನ ತಪ್ಪೇ. ಕೇಳಿದರೆ ಎಲ್ಲ ತಿಳಿಯುತ್ತದೆ. ಇದನ್ನೇ ಯೋಚಿಸುತ್ತಿದ್ದಾಗ ಪುಣೆಯಲ್ಲೇ ಇದ್ದ ಕುಲಕರ್ಣಿ ದಂಪತಿ ನೆನಪಾದರು. ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಕಾದಂಬರಿ ಓದಿ ಹೇಳುತ್ತಿದ್ದರು, ಉಮಾ ಕುಲಕರ್ಣಿಯವರು ಕೇಳಿಸಿಕೊಂಡು ಮರಾಠಿಯಲ್ಲಿ ಬರೆಯುತ್ತಿದ್ದರು. ಭೈರಪ್ಪನವರೂ ಕಾರಂತರೂ ಮರಾಠಿ ಮನೆಗಳಿಗೆ ಹೋದದ್ದು ಹಾಗೆ. ಕಾಕು ಕಪಾಟಿನಲ್ಲೂ ಅವರ ಪುಸ್ತಕಗಳಿವೆ. ಕಿವಿಯಿಂದ ಅಷ್ಟು ದೊಡ್ಡ ಕೆಲಸ ಆಗುವುದಾದರೆ ನನ್ನ ಮನೆಯಲ್ಲಿ ಒಂದು ಕಾದಂಬರಿ ಆಗದೇ?

ಶ್ರಾವಣದಿಂದ ರಾತ್ರಿ ಊಟವಾದ ಮೇಲೆ 'ಫಣಿಯಮ್ಮ'ನನ್ನು ಗಟ್ಟಿಯಾಗಿ ಓದುತ್ತಿದ್ದೇನೆ. ಮಗಳು ಒಣಗಿದ ಬಟ್ಟೆ ಮಡಿಸುತ್ತಾ ಕೇಳುತ್ತಾಳೆ. ಯಜಮಾನರು ಟಿವಿ ಆರಿಸಿ ಬಂದು ಕೂರುತ್ತಾರೆ. ತಲೆ ಬೋಳಿಸುವ ಪುಟ ಬಂದ ದಿನ ನನ್ನ ದನಿ ನಿಂತುಹೋಯಿತು. ಪುಸ್ತಕ ಅವರ ಕೈಗೆ ಕೊಟ್ಟೆ. ಅವರು ಓದಿದರು. ಮಗಳು ಮಡಿಸುವುದನ್ನು ಬಿಟ್ಟು ಹಿಂದೆ ಬಂದು ನನ್ನ ತುರುಬು ಬಿಚ್ಚಿ, ಬಾಚಣಿಗೆ ತಗೊಂಡು ಬಾಚುತ್ತಾ ಕೂತಳು. "ನಿನ್ನ ಅವ್ವಗೆ ಈ ಪುಸ್ತಕ ಸೇರ್ತಿತ್ತಾ?" ಅಂತ ಕೇಳಿದಳು.