ಎರೆಮಣ್ಣಿನ ಊರುಗಳಿಗೆ ಎಂಥ ಮಳೆನೀರಿನ ನಿಯಮ ಬೇಕು?

ಗದಗ-ಬೆಟಗೇರಿಯಲ್ಲಿ ಮನೆ ಕಟ್ಟಿಸುವಾಗ, ಪರವಾನಗಿಯ ನಕ್ಷೆಯಲ್ಲಿ ತೋರಿಸಿದ್ದಂತೆ ಹಿತ್ತಲಿನಲ್ಲಿ ಇಂಗುಗುಂಡಿ ತೋಡಿಸಿದ್ದೆ. ಎರಡನೆಯ ದೊಡ್ಡ ಮಳೆಗೇ ಅದು ತುಂಬಿತು, ವಾರ ಕಳೆದರೂ ನೀರು ಇಳಿಯಲಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ನಮ್ಮ ಕಪ್ಪು ಎರೆಮಣ್ಣು ಒಮ್ಮೆ ನೆನೆದು ಉಬ್ಬಿತೆಂದರೆ ನೀರನ್ನು ಒಳಗೆ ಬಿಡುವುದು ಬಹಳ ನಿಧಾನ. ನಮ್ಮ ರೈತರೆಲ್ಲರಿಗೂ ತಿಳಿದಿರುವ ಈ ಸಂಗತಿ ಮನೆಯ ನಕ್ಷೆಯವರೆಗೆ ಬಂದಿಲ್ಲ. ಧಾರವಾಡದ ಪಶ್ಚಿಮಕ್ಕೆ, ಮಲೆನಾಡಿನ ಅಂಚಿನ ಕೆಮ್ಮಣ್ಣಿನಲ್ಲಿ ಇರುವ ನನ್ನ ತಂಗಿಯ ಮನೆಯಲ್ಲಿ ಅಂಥದೇ ಗುಂಡಿ ಚೆನ್ನಾಗಿ ನೀರು ಕುಡಿಯುತ್ತಿದೆ.

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ನಡೆಯುವುದು 1976ರ ಮಹಾನಗರ ಪಾಲಿಕೆಗಳ ಕಾಯ್ದೆಯಡಿ, ಗದಗ-ಬೆಟಗೇರಿ ಮತ್ತು ಹಾವೇರಿಯ ನಗರಸಭೆಗಳು ನಡೆಯುವುದು 1964ರ ಪುರಸಭೆಗಳ ಕಾಯ್ದೆಯಡಿ. ಆದರೆ ನನಗೆ ಮುಖ್ಯವಾಗಿ ಕಾಣುವುದು ಕಾಯ್ದೆಯ ಈ ವ್ಯತ್ಯಾಸವಲ್ಲ, ಮಣ್ಣಿನ ವ್ಯತ್ಯಾಸ. ನಮ್ಮ ಮಾತು ಸದಾ ಬೆಂಗಳೂರಿನ ಕಡೆ ತಿರುಗುತ್ತದೆ. ಅಲ್ಲಿ ಮಳೆನೀರು ಹರಿಯುವ ರಾಜಕಾಲುವೆಗಳ ಪಕ್ಕ, ಕಾಲುವೆಯ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಜಾಗ ಬಿಡಬೇಕೆಂದಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು ಹಿಗ್ಗಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಕಾಲುವೆಯಿಂದ ಮನೆ ಎಷ್ಟು ದೂರವಿರಬೇಕೆಂಬ ಆ ಚರ್ಚೆ ಅಗತ್ಯವೇ. ಆದರೆ ಕಾಲುವೆಗೆ ಎಷ್ಟು ನೀರು ಬಿಡಬಹುದೆಂಬ ಪ್ರಶ್ನೆ ಅದರಿಂದ ಬಗೆಹರಿಯುವುದಿಲ್ಲ.

ಮೂವತ್ತು-ನಲವತ್ತು ಅಡಿಯ ನಿವೇಶನದ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಸುಮಾರು 5,500 ಲೀಟರ್ ನೀರಾಗುತ್ತದೆ. ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿಸಿದ್ದರೆ ಅದರ ಬಹುಪಾಲು ಕೆಲವೇ ನಿಮಿಷಗಳಲ್ಲಿ ಗಟಾರಿಗೆ ಸೇರುತ್ತದೆ. ಇನ್ನೂರು ಮನೆಗಳ ಬಡಾವಣೆಯಾದರೆ ಹನ್ನೊಂದು ಲಕ್ಷ ಲೀಟರ್, ಅದೂ ರಸ್ತೆಗಳನ್ನು ಬಿಟ್ಟು.

ಬೆಣ್ಣಿಹಳ್ಳವನ್ನೇ ನೋಡಿ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿ ಹುಟ್ಟಿ, ಧಾರವಾಡ ಜಿಲ್ಲೆಯ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳನ್ನು ಹಾದು, ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಅದು ಮಲಪ್ರಭೆಯನ್ನು ಸೇರುತ್ತದೆ. ಮೂರು ಜಿಲ್ಲೆಗಳ ಈ ಎರೆಭೂಮಿಯಲ್ಲಿ ಮೇಲೆ ಮಳೆ ಜೋರಾದರೆ ಯಾವಗಲ್ಲಿನಂಥ ಕೆಳಗಿನ ಊರುಗಳಲ್ಲಿ ಬೆಳೆ ಮುಳುಗುತ್ತದೆ. ಮೇಲಿನ ಊರಿನವರು ನೀರನ್ನು ಬೇಗ ಸಾಗಹಾಕಿದಷ್ಟೂ ಕೆಳಗಿನವರಿಗೆ ಕಷ್ಟ ಹೆಚ್ಚು, ಆದ್ದರಿಂದ ಗಟಾರನ್ನು ಅಗಲ ಮಾಡುವುದನ್ನೇ ಸಾಧನೆಯೆಂದು ಎಣಿಸುವುದನ್ನು ನಾನು ಒಪ್ಪಲಾರೆ.

ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಹೊಸ ಪಾಲಿಕೆಯ ಗಡಿ ಗುರುತಿಸುವವರು ಒಂದನ್ನು ಮರೆಯಬಾರದು: ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ನದಿಯ ನೀರು ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರಿದರೆ, ಪೂರ್ವದ ಹಳ್ಳಗಳ ನೀರು ಮಲಪ್ರಭೆಯ ಮೂಲಕ ಕೃಷ್ಣೆಗೆ ಹೋಗುತ್ತದೆ. ಒಂದೇ ಊರಿನ ಎರಡು ಇಳಿಜಾರುಗಳಿಗೆ ಒಂದೇ ನಿಯಮ ಸಾಲದು. ಕೆಮ್ಮಣ್ಣಿನ ಕಡೆ ಇಂಗುಗುಂಡಿ ಇರಲಿ. ಎರೆಮಣ್ಣಿನ ಕಡೆ ಮನೆಗೊಂದು ನೆಲದಡಿಯ ತೊಟ್ಟಿ ಬೇಕು. ಬಡಾವಣೆಗಳ ಆಟದ ಮೈದಾನವನ್ನು ತುಸು ತಗ್ಗಿಸಿ, ಮಳೆನೀರು ಅಲ್ಲಿ ಒಂದು ದಿನ ನಿಂತು ಹೋಗುವಂತೆ ಮಾಡಬೇಕು. ವಿಧಾನ ಬೇರೆಯಾದರೂ, ಬಡಾವಣೆಯ ಜಾಗ ಹೊಲವಾಗಿದ್ದಾಗ ಹಳ್ಳಕ್ಕೆ ಎಷ್ಟು ನೀರು ಬಿಡುತ್ತಿತ್ತೋ, ಬಡಾವಣೆಯಾದ ಮೇಲೂ ಅದಕ್ಕಿಂತ ಹೆಚ್ಚು ಬಿಡಬಾರದೆಂಬ ಷರತ್ತನ್ನು ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ನಾಲ್ಕೂ ಊರುಗಳ ಪರವಾನಗಿಯಲ್ಲಿ ಒಂದೇ ಮಾತಿನಲ್ಲಿ ಬರೆಯಬೇಕೆಂಬುದು ನನ್ನ ಬೇಡಿಕೆ.