ಸ್ಪೇನ್‌ಗೆ ಹೋಗುವುದಾದರೆ ಅಂಡಲೂಸಿಯಾ ಒಂದೇ ಸಾಕು

ಸ್ಪೇನ್‌ಗೆ ಹೊರಟವರ ಪ್ಲಾನ್‌ಗಳನ್ನು ಈಚೆಗೆ ತುಂಬಾ ನೋಡುತ್ತಿದ್ದೇನೆ. ಒಂದು ವಾರದಲ್ಲಿ ಬಾರ್ಸಿಲೋನಾ, ವೇಲೆನ್ಸಿಯಾ, ಮ್ಯಾಡ್ರಿಡ್, ಸೆವಿಲ್, ಮಧ್ಯೆ ಇಬಿಜಾ ಬೇರೆ. ಯಾಕೆ ಹೋಗ್ತಿದ್ದೀರಿ ಅಂದರೆ ಎಲ್ಲರದ್ದೂ ಒಂದೇ ಉತ್ತರ: ಅಲ್ಲಿನ ಸಂಸ್ಕೃತಿ ನೋಡಬೇಕು. ಹೀಗೆ ಓಡಿದರೆ ಅದು ಸಿಗುವುದಿಲ್ಲ. ಅರ್ಧ ರಜೆ ರೈಲು ನಿಲ್ದಾಣ, ಏರ್‌ಪೋರ್ಟ್‌ಗಳಲ್ಲೇ ಮುಗಿಯುತ್ತದೆ.

ಸ್ಪೇನ್ ಅಂದರೆ ಒಂದೇ ಸಂಸ್ಕೃತಿ ಅಲ್ಲ. ಬಾರ್ಸಿಲೋನಾ ಇರುವ ಕತಲೂನ್ಯಾಕ್ಕೆ ತನ್ನದೇ ಭಾಷೆ ಇದೆ. ಬಾಸ್ಕ್ ನಾಡಿನ ಭಾಷೆಗೂ ಸ್ಪ್ಯಾನಿಷ್‌ಗೂ ನಂಟೇ ಇಲ್ಲ. ಹಾಗಾಗಿ ಒಂದು ಭಾಗ ಹಿಡಿಯಿರಿ, ಅಲ್ಲೇ ಇರಿ. ನನ್ನ ಆಯ್ಕೆ ದಕ್ಷಿಣದ ಅಂಡಲೂಸಿಯಾ. ಸೆವಿಲ್, ಕಾರ್ಡೋಬಾ, ಗ್ರನಾಡಾ, ಮೂರೇ ಊರು. ಮ್ಯಾಡ್ರಿಡ್‌ನಿಂದ ಸೆವಿಲ್‌ಗೆ ವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಸೆವಿಲ್‌ನಿಂದ ಕಾರ್ಡೋಬಾ ಮುಕ್ಕಾಲು ಗಂಟೆ.

ಹೋಗುವ ಕಾಲ ಏಪ್ರಿಲ್ ಅಥವಾ ಮೇ. ಜುಲೈ, ಆಗಸ್ಟ್‌ನಲ್ಲಿ ಸೆವಿಲ್‌ನ ಬಿಸಿಲು 40 ಡಿಗ್ರಿ ದಾಟುತ್ತದೆ. ನಮ್ಮವರು ಟೊಮಾಟಿನಾಗಾಗಿ ಆಗಸ್ಟ್ ಕೊನೆಗೇ ಹೋಗುತ್ತಾರೆ. ಅದು ವೇಲೆನ್ಸಿಯಾ ಪಕ್ಕದ ಬುನ್ಯೋಲ್ ಎಂಬ ಸಣ್ಣ ಊರಿನಲ್ಲಿ ಒಂದು ಗಂಟೆ ನಡೆಯುವ ಟೊಮೆಟೊ ಎರಚಾಟ. 2011ರಲ್ಲಿ ಬೆಂಗಳೂರು, ಮೈಸೂರಿನಲ್ಲೂ ಅದನ್ನು ಆಡಿಸಲು ಹೊರಟಿದ್ದರು, ನೆನಪಿದೆಯಾ? ಸರ್ಕಾರ ಬೇಡವೆಂದಿತು. ಬೆಳೆದ ಟೊಮೆಟೊಗೆ ಬೆಲೆ ಸಿಗದೆ ರಸ್ತೆಗೆ ಸುರಿಯುವ ರೈತರಿರುವ ನಾಡಿನಲ್ಲಿ ಅದು ಸರಿಯಾದ ತೀರ್ಮಾನ ಅಂತಲೇ ನನ್ನ ಭಾವನೆ. ಆ ಒಂದು ಗಂಟೆಗಾಗಿ ಇಡೀ ರಜೆಯನ್ನು ಬಿಸಿಲಿಗೆ ಒಪ್ಪಿಸಬೇಡಿ.

ಮೇ ಮೊದಲ ಅರ್ಧದಲ್ಲಿ ಕಾರ್ಡೋಬಾಕ್ಕೆ ಹೋಗಿ. ಅಲ್ಲಿನ ಹಳೆಯ ಮನೆಗಳಿಗೆ ಒಳಾಂಗಳ ಇರುತ್ತದೆ. ನಮ್ಮ ತೊಟ್ಟಿಮನೆ ನೋಡಿದವರಿಗೆ ತಕ್ಷಣ ಹತ್ತಿರವೆನಿಸುತ್ತದೆ. ಬಿಳಿ ಗೋಡೆ ತುಂಬಾ ಹೂಕುಂಡ. ಮೇಲಿನ ಕುಂಡಗಳಿಗೆ ಉದ್ದ ಕೋಲಿನ ತುದಿಗೆ ಡಬ್ಬಿ ಕಟ್ಟಿ ನೀರುಣಿಸುತ್ತಾರೆ. ಮೇನಲ್ಲಿ ಈ ಅಂಗಳಗಳದ್ದೇ ಹಬ್ಬ. ಆ ದಿನಗಳಲ್ಲಿ ಮನೆಯವರು ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಬಿಡುತ್ತಾರೆ, ದುಡ್ಡಿಲ್ಲದೆ. 2012ರಲ್ಲಿ ಯುನೆಸ್ಕೋ ಈ ಹಬ್ಬವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅಪರಿಚಿತರಿಗೆ ಅಂಗಳ ಬಿಟ್ಟುಕೊಡುವ ಊರು! ಸಂಸ್ಕೃತಿ ನೋಡಬೇಕು ಅನ್ನುವವರಿಗೆ ಇದಕ್ಕಿಂತ ಬೇರೇನು ಬೇಕು?

ಅದೇ ಊರಿನ ಮಸೀದಿ-ಕೆಥೆಡ್ರಲ್‌ಗೆ ಬೆಳಗ್ಗೆಯೇ ಹೋಗಿ. ಮುಸ್ಲಿಂ ದೊರೆಗಳು 8ನೇ ಶತಮಾನದಲ್ಲಿ ಕಟ್ಟಲು ಶುರು ಮಾಡಿದ ಮಸೀದಿ. 1236ರಲ್ಲಿ ಊರು ಕ್ರೈಸ್ತ ರಾಜರ ಕೈಗೆ ಹೋದಾಗ ಚರ್ಚ್ ಆಯಿತು. 16ನೇ ಶತಮಾನದಲ್ಲಿ ಕಂಬಗಳ ಕಾಡಿನ ನಡುವೆಯೇ ದೊಡ್ಡ ಕೆಥೆಡ್ರಲ್ ಎಬ್ಬಿಸಿದರು. ಕೆಂಪು-ಬಿಳಿ ಕಮಾನುಗಳ ಕೆಳಗೆ ನಡೆಯುತ್ತಾ ಹೋದರೆ ಒಮ್ಮೆಲೇ ತಲೆ ಮೇಲೆ ಚರ್ಚಿನ ಗುಮ್ಮಟ. ಗೆದ್ದವರು, ಸೋತವರು ಇಬ್ಬರೂ ಒಂದೇ ಸೂರಿನಡಿ ಇದ್ದಾರೆ. ಅವಸರ ಮಾಡದೆ ಸುಮ್ನೆ ಕೂತು ನೋಡಿ.

ಗ್ರನಾಡಾದ ಹಳೆಯ ಕೋಟೆ ಅಲ್‌ಹಂಬ್ರಾಕ್ಕೆ ಮಾತ್ರ ಮೊದಲೇ ಟಿಕೆಟ್ ಬೇಕು. ಟಿಕೆಟ್ ಮೇಲೆ ಹೆಸರಿರುತ್ತದೆ, ಪಾಸ್‌ಪೋರ್ಟ್ ತೋರಿಸಬೇಕು, ಒಳಗಿನ ಅರಮನೆಗೆ ಅವರು ಕೊಟ್ಟ ಹೊತ್ತಿಗೇ ಹೋಗಬೇಕು. ವೀಸಾ ಅರ್ಜಿಯನ್ನೂ ಕೊನೆಗೆ ಇಟ್ಟುಕೊಳ್ಳಬೇಡಿ, ಆರು ತಿಂಗಳು ಮೊದಲೇ ಹಾಕಬಹುದು.

ಇನ್ನು ಹೊತ್ತಿನ ವಿಷಯ. ಅಲ್ಲಿ ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯೂಟ ಒಂಬತ್ತರ ಮೇಲೆ. ಸಂಜೆ ಏಳಕ್ಕೇ ಊಟ ಹುಡುಕಿಕೊಂಡು ಹೋದರೆ ಸಿಗುವುದು ಪ್ರವಾಸಿಗರ ಹೋಟೆಲ್‌ಗಳೇ. ಮಧ್ಯಾಹ್ನ ಅಂಗಡಿಗಳು ಮುಚ್ಚಿದಾಗ ನೀವೂ ಮಲಗಿ. ರಾತ್ರಿ ಹತ್ತಕ್ಕೆ ಚೌಕಕ್ಕೆ ಬನ್ನಿ, ಅಜ್ಜಿ, ಮೊಮ್ಮಕ್ಕಳು ಎಲ್ಲ ಹೊರಗೇ ಇರುತ್ತಾರೆ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಸೆವಿಲ್‌ನಲ್ಲಿ ಪಾಲಕ್-ಕಡಲೆಕಾಳಿನ ಪಲ್ಯ ಸಿಗುತ್ತದೆ, ಕಾರ್ಡೋಬಾದಲ್ಲಿ ಸಿಹಿ ಸವರಿದ ಬದನೆಕಾಯಿ ಬಜ್ಜಿ. ಆದರೆ 'ಮಾಂಸ ಬೇಡ' ಅಂದರಷ್ಟೇ ಸಾಲದು, ಹ್ಯಾಮ್ ಬೇಡ, ಮೀನು ಬೇಡ ಅಂತ ಬಿಡಿಸಿ ಹೇಳಿ.

ಒಂದು ಮಾತು ಖಂಡಿತವಾಗಿ ಹೇಳಬೇಕು. 2024ರಲ್ಲಿ ಬಾರ್ಸಿಲೋನಾದ ಜನ ಪ್ರವಾಸಿಗರ ಹಾವಳಿ ವಿರುದ್ಧ ಬೀದಿಗಿಳಿದರು. ಬಾಡಿಗೆ ಏರಿ ಊರವರಿಗೇ ಮನೆ ಸಿಗುತ್ತಿಲ್ಲ. ಅವರ ಕೋಪ ನ್ಯಾಯವಾದದ್ದು. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಅದಕ್ಕೇ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಅಪಾರ್ಟ್‌ಮೆಂಟ್ ಬೇಡ, ಸಣ್ಣ ಹೋಟೆಲ್ ಹಿಡಿಯಿರಿ. ಒಂದೇ ಕಡೆ ಜಾಸ್ತಿ ದಿನ ಇರಿ.

ಅಂಡಲೂಸಿಯಾದ ಹಾಡು-ಕುಣಿತದ ಕಲೆ ಫ್ಲಾಮೆಂಕೊಗೆ ಊಟದ ಜೊತೆ ಷೋ ಇರುವ ಜಾಗ ಬಿಟ್ಟು 'ಪೆನ್ಯಾ' ಹುಡುಕಿ. ಹಾಡು-ಕುಣಿತದ ಹುಚ್ಚಿರುವ ಊರವರೇ ನಡೆಸುವ ಕ್ಲಬ್ ಅದು. ಅಂಥದ್ದೊಂದು, ಗ್ರನಾಡಾದ ಲಾ ಪ್ಲಾತೇರಿಯಾ, ಶುರುವಾದದ್ದು 1949ರಲ್ಲಿ. ಈ ಕಲೆ ಬೆಳೆಸಿದ ಹಿತಾನೋ, ಅಂದರೆ ಸ್ಪೇನ್‌ನ ರೋಮಾ ಜನರ ಹಿರೀಕರು ನೂರಾರು ವರ್ಷಗಳ ಹಿಂದೆ ನಮ್ಮ ಉಪಖಂಡದ ವಾಯವ್ಯದಿಂದಲೇ ಹೊರಟವರು. ಪೆನ್ಯಾದಲ್ಲಿ ಮೊದಲು ಹಾಡಿಗೆ ಕಿವಿ ಕೊಡಿ, ಕುಣಿತ ಆಮೇಲೆ. ಹಾಡುವವರು ಶುರು ಮಾಡಿದಾಗ ಮೊಬೈಲ್ ಎತ್ತಬೇಡಿ.